ದೈತ್ಯ ವೀರರ ಆರ್ಕೇಡ್ ಹೊಡೆದಾಟ: ‘ಕಿಂಗ್ ಆಫ್ ದಿ ಮಾನ್‌ಸ್ಟರ್ಸ್ 2’ ಮತ್ತು ಅದರ ಬಳಗ

‘ಕಿಂಗ್ ಆಫ್ ದಿ ಮಾನ್‌ಸ್ಟರ್ಸ್ 2: ದಿ ನೆಕ್ಸ್ಟ್ ಥಿಂಗ್’ ಜಪಾನಿನ ಒಸಾಕಾ ಮೂಲದ ಎಸ್‌ಎನ್‌ಕೆ ಸಂಸ್ಥೆ 1992ರಲ್ಲಿ ತನ್ನ ನಿಯೋ ಜಿಯೋ ಯಂತ್ರಕ್ಕಾಗಿ ಹೊರತಂದ ಆರ್ಕೇಡ್ ಆಟ. ಮುಗಿಲೆತ್ತರದ ಮೂವರು ವೀರರಲ್ಲಿ ಒಬ್ಬನನ್ನು ಆಟಗಾರ ಆರಿಸಿಕೊಳ್ಳುತ್ತಾನೆ. ಅನ್ಯಗ್ರಹದಿಂದ ಬಂದಿಳಿದ ದೈತ್ಯಮೃಗಗಳನ್ನು ಒಂದೊಂದಾಗಿ ಬಡಿದುರುಳಿಸುತ್ತ ಮುಂದೆ ಸಾಗುತ್ತಾನೆ. ಕಾಲಡಿಯಲ್ಲಿ ಕಟ್ಟಡಗಳು ಕುಸಿಯುತ್ತವೆ, ವಾಹನಗಳು ನುಚ್ಚುನೂರಾಗುತ್ತವೆ. ಆಟ ಸರಳ, ಆದರೆ ಅದರ ಹಿಂದೆ ಜಪಾನಿನ ಸಿನಿಮಾ, ದೂರದರ್ಶನ ಮತ್ತು ಕುಸ್ತಿ ಅಖಾಡಗಳ ನಾಲ್ಕು ದಶಕಗಳ ಕಸುಬು ಇದೆ. ದೈತ್ಯ ವೀರರು ದೈತ್ಯಮೃಗಗಳೊಡನೆ ಕಾದಾಡುವ ಆರ್ಕೇಡ್ ಆಟಗಳದು ಸಣ್ಣ ಬಳಗ. ಆ ಬಳಗವನ್ನು ಅರಿಯಲು ಈ ಆಟಕ್ಕಿಂತ ಒಳ್ಳೆಯ ಬಾಗಿಲು ಇನ್ನೊಂದಿಲ್ಲ.

ಪ್ರಕಾರದ ಹುಟ್ಟು

ನಡೆಯುತ್ತ ಹೋಗು, ಎದುರಾದವರನ್ನು ಹೊಡೆ, ಪರದೆ ಖಾಲಿಯಾದರೆ ಮತ್ತೆ ಮುಂದೆ ನಡೆ. ‘ಬೀಟ್ ಎಮ್ ಅಪ್’ ಎಂದು ಕರೆಸಿಕೊಳ್ಳುವ ಹೊಡೆದಾಟದ ಆಟಗಳ ತಿರುಳು ಇಷ್ಟೇ. ಐರೆಮ್ ಸಂಸ್ಥೆಯ ‘ಕುಂಗ್‌ಫು ಮಾಸ್ಟರ್’ (1984) ಇದಕ್ಕೆ ಅಡಿಪಾಯ ಹಾಕಿತು. ಅದರಲ್ಲಿ ವೀರ ಒಂದೇ ಗೆರೆಯ ಮೇಲೆ ಎಡಕ್ಕೋ ಬಲಕ್ಕೋ ನಡೆಯುತ್ತಿದ್ದ. ಯೊಶಿಹಿಸಾ ಕಿಶಿಮೊಟೊ ಟೆಕ್ನೋಸ್ ಸಂಸ್ಥೆಗಾಗಿ ರೂಪಿಸಿದ ‘ರೆನೆಗೇಡ್’ (1986) ಆ ಗೆರೆಯನ್ನು ಅಗಲಿಸಿ ನೆಲ ಮಾಡಿತು. ಆಟಗಾರ ಪರದೆಯ ಒಳಕ್ಕೂ ಹೊರಕ್ಕೂ ಸರಿಯಬಲ್ಲವನಾದ, ನಾಲ್ಕು ಕಡೆಯಿಂದಲೂ ಶತ್ರುಗಳು ಮುತ್ತುವಂತಾಯಿತು. ಮರುವರ್ಷ ಅದೇ ತಂಡದ ‘ಡಬಲ್ ಡ್ರ್ಯಾಗನ್’ ಇಬ್ಬರು ಗೆಳೆಯರು ಹೆಗಲಿಗೆ ಹೆಗಲು ಕೊಟ್ಟು ಆಡುವ ಸುಖವನ್ನು ತಂದಿತು. 1989ರಲ್ಲಿ ಕ್ಯಾಪ್ಕಾಮ್‌ನ ‘ಫೈನಲ್ ಫೈಟ್’, ಸೆಗಾದ ‘ಗೋಲ್ಡನ್ ಆಕ್ಸ್’, ನಾಲ್ವರು ಒಟ್ಟಿಗೆ ಆಡಬಹುದಾದ ಕೊನಾಮಿಯ ‘ಟೀನೇಜ್ ಮ್ಯುಟೆಂಟ್ ನಿಂಜಾ ಟರ್ಟಲ್ಸ್’ ಸಾಲಾಗಿ ಬಂದವು. ಪಟ್ಟಿಯಂತೆ ಉದ್ದಕ್ಕೆ ಸರಿಯುವ ಈ ನೆಲವನ್ನು ಕಂಡು ಜಪಾನೀಯರು ಇಂಥ ಆಟಗಳಿಗೆ ‘ಬೆಲ್ಟ್ ಸ್ಕ್ರೋಲ್’ ಆಟಗಳೆಂದೇ ಹೆಸರಿಟ್ಟಿದ್ದಾರೆ.

ಭಾರತದ ಗೇಮ್ ಪಾರ್ಲರುಗಳಲ್ಲಿ ನಾಣ್ಯ ಹಾಕಿ ಆಡಿದ ತಲೆಮಾರಿಗೆ ಈ ಪ್ರಕಾರ ಹೊಸದಲ್ಲ. ಅವರು ‘ಮುಸ್ತಫಾ’ ಎಂದು ಕರೆಯುತ್ತಿದ್ದ ಆಟ ಕ್ಯಾಪ್ಕಾಮ್ 1993ರಲ್ಲಿ ತಂದ ‘ಕ್ಯಾಡಿಲಾಕ್ಸ್ ಅಂಡ್ ಡೈನೋಸಾರ್ಸ್’. ಅದರ ನಾಲ್ವರು ವೀರರಲ್ಲಿ ಮುಸ್ತಫಾ ಕೈರೊ ಒಬ್ಬ. ಅವನ ಹೆಸರೇ ಇಡೀ ಆಟಕ್ಕೆ ಅಂಟಿಕೊಂಡಿತು. ಇಂಥ ಆಟಗಳ ಚೌಕಟ್ಟನ್ನು ಹಾಗೇ ಇಟ್ಟುಕೊಂಡು, ಹೊಡೆಯುವವರನ್ನೂ ಹೊಡೆಸಿಕೊಳ್ಳುವವರನ್ನೂ ಕಟ್ಟಡಗಳಷ್ಟು ಎತ್ತರಕ್ಕೆ ಬೆಳೆಸಿದರೆ ‘ಕಿಂಗ್ ಆಫ್ ದಿ ಮಾನ್‌ಸ್ಟರ್ಸ್ 2’ ಸಿಗುತ್ತದೆ.

1954: ಒಂದೇ ವರ್ಷದ ಎರಡು ಬೇರು

ಈ ಆಟಗಳ ಬೇರು ಹುಡುಕಿದರೆ 1954ಕ್ಕೆ ಹೋಗಬೇಕು. ಆ ವರ್ಷದ ಫೆಬ್ರುವರಿಯಲ್ಲಿ ಕುಸ್ತಿಪಟು ರಿಕಿಡೋಜಾನ್, ಮಸಾಹಿಕೊ ಕಿಮುರಾನ ಜೊತೆಗೂಡಿ ಶಾರ್ಪ್ ಸಹೋದರರ ವಿರುದ್ಧ ಅಖಾಡಕ್ಕಿಳಿದ. ಮನೆಗಳಲ್ಲಿ ಟಿವಿ ಇಲ್ಲದ ಕಾಲ. ಬೀದಿಗಳಲ್ಲಿ ನಿಲ್ಲಿಸಿದ್ದ ಟಿವಿಗಳ ಮುಂದೆ ಜನ ಕಿಕ್ಕಿರಿದು ನೆರೆದರು. ವೃತ್ತಿಪರ ಕುಸ್ತಿ ಜಪಾನಿನ ಮನೆಮಾತಾಯಿತು.

ಮಾರ್ಚ್ 1ರಂದು ಅಮೆರಿಕ ಬಿಕಿನಿ ದ್ವೀಪದಲ್ಲಿ ಜಲಜನಕ ಬಾಂಬಿನ ಪರೀಕ್ಷೆ ನಡೆಸಿತು. ‘ಲಕ್ಕಿ ಡ್ರ್ಯಾಗನ್ 5’ ಎಂಬ ಜಪಾನಿ ಮೀನುಗಾರಿಕಾ ದೋಣಿಯ ಮೇಲೆ ವಿಕಿರಣದ ಬೂದಿ ಸುರಿಯಿತು. ಆ ಭೀತಿ ಇನ್ನೂ ಹಸಿಯಾಗಿರುವಾಗಲೇ, ನವೆಂಬರ್ 3ರಂದು, ಇಶಿರೊ ಹೋಂಡಾ ನಿರ್ದೇಶನದ ‘ಗೊಜಿರಾ’ ತೆರೆಕಂಡಿತು. ಜಗತ್ತು ಅದನ್ನು ‘ಗಾಡ್ಜಿಲ್ಲಾ’ ಎಂದು ಕರೆಯಿತು. ಗೊರಿಲ್ಲಾ ಎಂಬ ಪದವನ್ನೂ ತಿಮಿಂಗಿಲಕ್ಕೆ ಜಪಾನಿಯಲ್ಲಿರುವ ‘ಕುಜಿರಾ’ ಎಂಬ ಪದವನ್ನೂ ಕೂಡಿಸಿ ಕಟ್ಟಿದ ಹೆಸರು ಅದು. ‘ಕೈಜು’, ಅಂದರೆ ವಿಚಿತ್ರ ಮೃಗ, ಎಂಬ ಪದ ಒಂದು ಇಡೀ ಚಿತ್ರಪ್ರಕಾರದ ಹೆಸರಾಯಿತು.

ಚಿತ್ರದ ವಿಶೇಷ ದೃಶ್ಯಗಳ ಹೊಣೆ ಹೊತ್ತವರು ಈಜಿ ತ್ಸುಬುರಾಯಾ. ಮೃಗದ ವೇಷ ತೊಟ್ಟವರಲ್ಲಿ ಪ್ರಮುಖರು ಹರುವೊ ನಕಾಜಿಮಾ. ಮೊದಲು ತಯಾರಿಸಿದ ವೇಷ ಸುಮಾರು ನೂರು ಕಿಲೋ ತೂಗುತ್ತಿತ್ತು, ತೊಟ್ಟು ಕೆಲವು ಹೆಜ್ಜೆ ಇಡುವುದೇ ಸಾಹಸವಾಗಿತ್ತು. ಭಾರವಾದ ಪ್ರಾಣಿ ಹೇಗೆ ಹೆಜ್ಜೆ ಊರುತ್ತದೆ ಎಂದು ತಿಳಿಯಲು ನಕಾಜಿಮಾ ಟೋಕಿಯೊದ ಉಯೆನೊ ಮೃಗಾಲಯಕ್ಕೆ ಹೋಗಿ ಆನೆ, ಕರಡಿಗಳ ನಡಿಗೆಯನ್ನು ಗಮನಿಸಿದರು. ಅವರು 1972ರ ತನಕ 12 ಚಿತ್ರಗಳಲ್ಲಿ ಆ ವೇಷ ತೊಟ್ಟರು. ಐವತ್ತು ಮೀಟರ್ ಎತ್ತರದ ಮೃಗ ಇಪ್ಪತ್ತೈದರಲ್ಲಿ ಒಂದು ಪಾಲಿಗೆ ಇಳಿಸಿದ ಪುಟ್ಟ ಟೋಕಿಯೊದಲ್ಲಿ ನಡೆಯಿತು. ಕ್ಯಾಮೆರಾ ಸಾಮಾನ್ಯಕ್ಕಿಂತ ವೇಗವಾಗಿ ಓಡಿತು. ಹಾಗೆ ಹಿಡಿದದ್ದನ್ನು ಸಾಮಾನ್ಯ ವೇಗದಲ್ಲಿ ತೋರಿಸಿದಾಗ ಹೆಜ್ಜೆ ನಿಧಾನವಾಯಿತು, ಉರುಳುವ ಗೋಡೆಗೆ ತೂಕ ಬಂತು.

ಮೃಗಕ್ಕೆ ಎದುರಾಳಿಯಾಗಿ ವೀರ

1954ರ ಗಾಡ್ಜಿಲ್ಲಾದ ಎದುರು ನಿಂತದ್ದು ಟ್ಯಾಂಕು, ವಿಮಾನ, ವಿಜ್ಞಾನಿ. ಮೃಗದಷ್ಟೇ ಎತ್ತರದ ವೀರ ಮನೆಮನೆಯ ಟಿವಿಗೆ ಬಂದದ್ದು 1966ರ ಜುಲೈನಲ್ಲಿ. ತ್ಸುಬುರಾಯಾ 1963ರಲ್ಲಿ ಸ್ಥಾಪಿಸಿದ ಸ್ವಂತ ಸಂಸ್ಥೆ ಟಿಬಿಎಸ್ ವಾಹಿನಿಗಾಗಿ ‘ಅಲ್ಟ್ರಾಮನ್’ ಸರಣಿ ತಯಾರಿಸಿತು. 40 ಮೀಟರ್ ಎತ್ತರ, 35,000 ಟನ್ ತೂಕ, ಬೆಳ್ಳಿ ಮೈಯ ಮೇಲೆ ಕೆಂಪು ಪಟ್ಟೆಗಳು. ಕಲಾವಿದ ತೋರು ನರಿಟಾ ರೂಪಿಸಿದ ಆ ಮುಖದಲ್ಲಿ ಭಾವವೇ ಇಲ್ಲ. ಕೋಪವೋ ಕರುಣೆಯೋ, ಎಲ್ಲವನ್ನೂ ಒಳಗಿದ್ದ ನಟ ಬಿನ್ ಫುರುಯಾ ಬಾಗಿದ ಬೆನ್ನು ಮತ್ತು ಚಾಚಿದ ಕೈಗಳಿಂದಲೇ ಹೇಳಬೇಕಿತ್ತು.

ಅಲ್ಟ್ರಾಮನ್ ಭೂಮಿಯ ಮೇಲೆ ಹೋರಾಡಬಲ್ಲದ್ದು ಮೂರು ನಿಮಿಷ ಮಾತ್ರ. ಎದೆಯ ಮೇಲಿನ ದೀಪ ನೀಲಿಯಿಂದ ಕೆಂಪಿಗೆ ತಿರುಗಿ ಮಿನುಗತೊಡಗಿದರೆ ಶಕ್ತಿ ಮುಗಿಯುತ್ತ ಬಂತೆಂದು ಅರ್ಥ. ಮಕ್ಕಳು ಉಸಿರು ಬಿಗಿಹಿಡಿದು ನೋಡುತ್ತಿದ್ದ ಈ ದೀಪ, ಮುಂದೆ ಆರ್ಕೇಡ್ ಆಟಗಳಲ್ಲಿ ಬಂದ ಶಕ್ತಿಪಟ್ಟಿಗೂ ಸಮಯದ ಗಡುವಿಗೂ ಹಿರಿಯಣ್ಣನಂತಿದೆ. ವೀರನ ಜೀವವೆಷ್ಟು ಉಳಿದಿದೆ ಎಂಬುದು ಅವನ ಮೈಮೇಲೆಯೇ ಕಾಣುವ ವ್ಯವಸ್ಥೆ ಆಟ ಹುಟ್ಟುವ ಮೊದಲೇ ಸಿದ್ಧವಾಗಿತ್ತು.

ಈ ಸರಣಿಯ ಹತ್ತನೆಯ ಕಂತಿನ ಕಾಳಗವೊಂದು ಕುಸ್ತಿ ಮತ್ತು ದೈತ್ಯಮೃಗಗಳ ಎರಡು ಪರಂಪರೆಗಳು ಸೇರುವ ಜಾಗ. ಅದರಲ್ಲಿ ಬರುವ ಜಿರಾಸ್ ಎಂಬ ಮೃಗ ಬೇರಾವುದೂ ಅಲ್ಲ, ಕುತ್ತಿಗೆಗೆ ದೊಡ್ಡ ಜಾಲರಿ ಅಂಟಿಸಿದ ಗಾಡ್ಜಿಲ್ಲಾದ ಹಳೆಯ ವೇಷ. ಒಳಗಿದ್ದವರು ಅದೇ ನಕಾಜಿಮಾ. ಅಲ್ಟ್ರಾಮನ್ ಆ ಜಾಲರಿಯನ್ನು ಕಿತ್ತು, ಗೂಳಿಕಾಳಗದವರು ಬಟ್ಟೆ ಬೀಸುವಂತೆ ಬೀಸಿ ಮೃಗವನ್ನು ಕೆಣಕುತ್ತಾನೆ. ಹಿಡಿತ, ಎಸೆತ, ಕೆಣಕು, ಕೊನೆಯ ಪೆಟ್ಟು ಎಂಬ ಕುಸ್ತಿಯ ಲಯ ಮೃಗಗಳ ಕಾಳಗದೊಳಗೆ ಬಂದು ಕೂತಿತ್ತು.

ಇಂಥ ದೈತ್ಯರ ಕಥೆ ಭಾರತಕ್ಕೂ ಒಮ್ಮೆ ಬಂದಿತ್ತು. 1967ರಲ್ಲಿ ಜಪಾನಿನ ತೊಯೆ ಸಂಸ್ಥೆ ತಯಾರಿಸಿದ ದೈತ್ಯ ರೋಬಾಟಿನ ಸರಣಿ ‘ಜಾನಿ ಸೊಕ್ಕೊ ಅಂಡ್ ಹಿಸ್ ಫ್ಲೈಯಿಂಗ್ ರೋಬಾಟ್’ ಎಂಬ ಹೆಸರಿನಲ್ಲಿ 1980ರ ದಶಕದಲ್ಲಿ ದೂರದರ್ಶನದಲ್ಲಿ ಪ್ರಸಾರವಾಯಿತು. ಕೈಗಡಿಯಾರದಲ್ಲಿ ಮಾತನಾಡಿ ರೋಬಾಟನ್ನು ಕರೆಯುವ ಹುಡುಗನನ್ನು ಇಂದು ನಡುವಯಸ್ಸಿನಲ್ಲಿರುವ ಎಷ್ಟೋ ಜನ ಮರೆತಿಲ್ಲ.

ಕಟ್ಟಡ ಕೆಡವುವ ಆಟಗಳು

ಆರ್ಕೇಡ್‌ಗೆ ದೈತ್ಯಮೃಗಗಳನ್ನು ಜನಪ್ರಿಯವಾಗಿ ತಂದದ್ದು ಅಮೆರಿಕದ ಬ್ಯಾಲಿ ಮಿಡ್‌ವೇ ಸಂಸ್ಥೆ. ಬ್ರಯಾನ್ ಕಾಲಿನ್ ಮತ್ತು ಜೆಫ್ ನೌಮನ್ ರೂಪಿಸಿದ ‘ರ‍್ಯಾಂಪೇಜ್’ (1986) ಆಟದಲ್ಲಿ ಮೂವರು ಆಟಗಾರರು ಜಾರ್ಜ್ ಎಂಬ ವಾನರ, ಲಿಜ್ಜಿ ಎಂಬ ಹಲ್ಲಿ, ರಾಲ್ಫ್ ಎಂಬ ತೋಳವಾಗಿ ಕಟ್ಟಡ ಹತ್ತಿ, ಗೋಡೆ ಗುದ್ದಿ ಕೆಡವುತ್ತಾರೆ. ಇಲಿನಾಯ್ ರಾಜ್ಯದ ಪಿಯೋರಿಯಾದಲ್ಲಿ ಶುರುವಾಗುವ ಹಾವಳಿ 128 ದಿನಗಳ ಬಳಿಕ ಅದೇ ರಾಜ್ಯದ ಪ್ಲೇನೊದಲ್ಲಿ ಮುಗಿಯುತ್ತದೆ. ಮೃಗದ ಶಕ್ತಿ ಬತ್ತಿದರೆ ಅದು ಪುಟ್ಟ ಬೆತ್ತಲೆ ಮನುಷ್ಯನಾಗಿ ಕುಗ್ಗಿ, ನಾಚಿಕೊಂಡು ಪರದೆಯ ಅಂಚಿಗೆ ಸರಿದು ಹೋಗುತ್ತದೆ. ಇಲ್ಲಿ ಆಟಗಾರ ವೀರನಲ್ಲ, ಹಾವಳಿಯೇ ಅವನು. ಎದುರಾಳಿಯೂ ಅವನಷ್ಟು ದೊಡ್ಡವನಲ್ಲ.

ಸಮಬಲದ ಕಾದಾಟ ಬಂದದ್ದು 1991ರಲ್ಲಿ, ಎಸ್‌ಎನ್‌ಕೆಯ ಮೊದಲ ‘ಕಿಂಗ್ ಆಫ್ ದಿ ಮಾನ್‌ಸ್ಟರ್ಸ್’ ಮೂಲಕ. ಕಥೆ ನಡೆಯುವುದು 1996ರ ಜಪಾನಿನಲ್ಲಿ. ಟೋಕಿಯೊ, ಕ್ಯೋಟೊ, ಒಸಾಕಾ, ಕೋಬೆ, ಒಕಾಯಾಮಾ, ಹಿರೊಶಿಮಾ ನಗರಗಳೇ ಅಖಾಡಗಳು. ಗಾಡ್ಜಿಲ್ಲಾವನ್ನು ನೆನಪಿಸುವ ಜಿಯಾನ್, ಕಿಂಗ್ ಕಾಂಗ್‌ನ ಬಳಗದ ವೂ, ಕಲ್ಲುಗುಂಡುಗಳ ಮೈಯ ರಾಕಿ, ಕೊಳಕಿನ ಮುದ್ದೆಯಾದ ಪಾಯ್ಸನ್ ಘೋಸ್ಟ್, ಜೀರುಂಡೆಯಾದ ಬೀಟಲ್ ಮೇನಿಯಾ, ಅಲ್ಟ್ರಾಮನ್‌ನ ದಾಯಾದಿಯಂತಿರುವ ಆಸ್ಟ್ರೊ ಗೈ ಎಂಬ ಆರು ಮಂದಿಯಲ್ಲಿ ಒಬ್ಬರನ್ನು ಆಯ್ದುಕೊಳ್ಳಬೇಕು. ಎತ್ತಿ ಒಗೆಯುವುದು, ಕೆಡವಿ ಮೇಲೆ ಬಿದ್ದು ಮೂರು ಎಣಿಸುವವರೆಗೆ ಒತ್ತಿ ಹಿಡಿಯುವುದು ಗೆಲುವಿನ ದಾರಿ. ನಗರದ ಅಂಚಿನಲ್ಲಿ ಅಖಾಡದ ಹಗ್ಗಗಳಂತೆ ವಿದ್ಯುತ್ ಬೇಲಿ. 1954ರಲ್ಲಿ ಬೇರೆ ಬೇರೆಯಾಗಿ ಜಪಾನನ್ನು ಸೆಳೆದ ಕುಸ್ತಿಯೂ ಗಾಡ್ಜಿಲ್ಲಾವೂ ಮೂವತ್ತೇಳು ವರ್ಷಗಳ ಬಳಿಕ ಒಂದೇ ಆರ್ಕೇಡ್ ಪೆಟ್ಟಿಗೆಯಲ್ಲಿ ಜೊತೆಯಾದವು.

ಆ ಪೆಟ್ಟಿಗೆಯ ಬಗ್ಗೆಯೂ ಒಂದು ಮಾತು ಹೇಳಬೇಕು. 1990ರಲ್ಲಿ ಬಂದ ನಿಯೋ ಜಿಯೋ ಎಂವಿಎಸ್ ಯಂತ್ರದಲ್ಲಿ ಆಟಗಳು ಬದಲಿಸಬಹುದಾದ ಕಾರ್ಟ್ರಿಜ್‌ಗಳಾಗಿದ್ದವು. ದೊಡ್ಡ ಮಾದರಿಯ ಒಂದೇ ಪೆಟ್ಟಿಗೆಯಲ್ಲಿ ಆರು ಆಟಗಳನ್ನು ಇಡಬಹುದಿತ್ತು. ಪಾರ್ಲರಿನವರು ಹೊಸ ಆಟಕ್ಕೆ ಹೊಸ ಪೆಟ್ಟಿಗೆ ಕೊಳ್ಳಬೇಕಿರಲಿಲ್ಲ. ಯಂತ್ರ ಒಂದೇ ಹೊತ್ತಿಗೆ 380 ಚಲಿಸುವ ಚಿತ್ರತುಣುಕುಗಳನ್ನು ಪರದೆಯ ಮೇಲೆ ಕೂರಿಸಬಲ್ಲದಾಗಿತ್ತು, ಅವನ್ನು ಕುಗ್ಗಿಸಿಯೂ ತೋರಿಸುತ್ತಿತ್ತು. ದೊಡ್ಡ ಮೈಯ ಪಾತ್ರಗಳಿಗೆ ಹೇಳಿ ಮಾಡಿಸಿದ ಯಂತ್ರ ಅದು.

ಎರಡನೆಯ ಆಟ: ಮೃಗದಿಂದ ವೀರನಿಗೆ

ಮೊದಲ ಆಟದಲ್ಲಿ ಮೃಗಗಳು ತಮ್ಮತಮ್ಮಲ್ಲೇ ಬಡಿದಾಡುತ್ತವೆ; ಯಾರು ರಾಜ ಎಂಬುದೇ ಪ್ರಶ್ನೆ. ಎರಡನೆಯ ಆಟ ಮೂರು ವರ್ಷ ಮುಂದೆ, 1999ಕ್ಕೆ ಜಿಗಿಯುತ್ತದೆ. ಹಿಂದಿನ ಕಾಳಗದಲ್ಲಿ ಬದುಕುಳಿದ ಮೂವರು ಈಗ ಹೆಚ್ಚು ಬಲ ಪಡೆದು ಸೂಪರ್ ಜಿಯಾನ್, ಸೈಬರ್ ವೂ, ಅಟಾಮಿಕ್ ಗೈ ಆಗಿದ್ದಾರೆ. ವಾನರ ವೂ ಅರ್ಧ ಯಂತ್ರವಾಗಿದ್ದಾನೆ. ಕಿಂಗ್ ಫಮಾರ್ಡಿ ಎಂಬ ಅನ್ಯಗ್ರಹದ ಒಡೆಯ ಭೂಮಿಯ ಮೇಲೆ ದಂಡೆತ್ತಿ ಬಂದಾಗ, ನಿನ್ನೆಯವರೆಗೆ ನಗರ ತುಳಿದವರೇ ಇಂದು ನಗರದ ಕಾವಲಿಗೆ ನಿಲ್ಲುತ್ತಾರೆ. ಗಾಡ್ಜಿಲ್ಲಾ ಚಿತ್ರಗಳಲ್ಲೂ ಇದೇ ಆಗಿತ್ತು. 1954ರ ಭಯಂಕರ ಮೃಗ ಒಂದು ದಶಕ ಕಳೆಯುವಷ್ಟರಲ್ಲಿ ಮೂರು ತಲೆಯ ಕಿಂಗ್ ಗಿಡೋರಾನ ವಿರುದ್ಧ ಭೂಮಿಯ ಪರವಾಗಿ ನಿಂತಿತ್ತು.

ಆಟದ ಬಗೆಯೂ ಬದಲಾಯಿತು. ನಾಲ್ಕು ಬೇಲಿಯ ಅಖಾಡ ಹೋಗಿ ಉದ್ದಕ್ಕೆ ಸಾಗುವ ಹಾದಿ ಬಂತು. ಮೂರು ಎಣಿಸುವ ಕುಸ್ತಿಯ ನಿಯಮದ ಜಾಗಕ್ಕೆ ಗುದ್ದು, ಒದೆ, ನೆಗೆತದ ಮೂರು ಗುಂಡಿಗಳು ಬಂದವು. ಸಣ್ಣ ಶತ್ರುಗಳನ್ನು ದಾಟಿ ಮುಂದೆ ಹೋದರೆ ಹಂತದ ತುದಿಯಲ್ಲಿ ದೊಡ್ಡ ಮೃಗವೊಂದು ಕಾದಿರುತ್ತದೆ. ಇಬ್ಬರು ಒಟ್ಟಿಗೆ ಆಡಬಹುದು. ನಗರ, ಕಣಿವೆ, ಸಮುದ್ರದ ತಳ ಹೀಗೆ ಹಂತದಿಂದ ಹಂತಕ್ಕೆ ನೆಲ ಬದಲಾಗುತ್ತದೆ.

ಒಂದು ಕ್ಷಣವನ್ನು ಹತ್ತಿರದಿಂದ ನೋಡಬಹುದು. ಅಟಾಮಿಕ್ ಗೈ ಬೀದಿಯ ನಡುವೆ ನಿಂತಿದ್ದಾನೆ, ಪಕ್ಕದ ಕಟ್ಟಡ ಅವನ ಸೊಂಟಕ್ಕೂ ಬರುವುದಿಲ್ಲ. ಎದುರಿನ ಮೃಗವನ್ನು ಹಿಡಿಯುತ್ತಾನೆ. ಇಬ್ಬರೂ ಒಬ್ಬರನ್ನೊಬ್ಬರು ತಳ್ಳುವಾಗ ಆಟಗಾರ ಗುಂಡಿಯನ್ನು ಪಟಪಟನೆ ಒತ್ತಬೇಕು, ಯಾರು ಹೆಚ್ಚು ಒತ್ತಿದರೋ ಅವರ ಕೈ ಮೇಲು. ಎಸೆದ ಮೃಗ ಕಟ್ಟಡದ ಮೇಲೆ ಬಿದ್ದು ಗೋಡೆ ಕುಸಿಯುತ್ತದೆ, ಪರದೆ ಅದುರುತ್ತದೆ. ಆ ಅವಶೇಷದಿಂದ ಶಕ್ತಿಯ ಗುರುತೊಂದು ಹೊರಬರುತ್ತದೆ. ಅದನ್ನು ಎತ್ತಿಕೊಂಡರೆ ವೀರನ ಬಲ ಏರುತ್ತದೆ. ಕಾಪಾಡಲು ಬಂದವನು ಕಾಪಾಡಬೇಕಾದ ಊರನ್ನೇ ಕೆಡವಿ ಬಲ ಪಡೆಯುವ ಈ ವ್ಯವಸ್ಥೆ ಆಟದ ಅತಿ ಗಟ್ಟಿಯಾದ ಕಲ್ಪನೆ. ಕಾಯುವ ಕಾಳಗದಲ್ಲೇ ಊರು ಹಾಳಾಗುತ್ತದೆ ಎಂಬ, ಅಲ್ಟ್ರಾಮನ್ ಕಥೆಗಳನ್ನು ಕಾಡುತ್ತ ಬಂದ ನೋವು ಇದರಲ್ಲಿ ಒಂದು ಆಟದ ನಿಯಮವಾಗಿಬಿಟ್ಟಿದೆ.

ಗಾತ್ರವನ್ನು ನಂಬಿಸುವ ಕೆಲಸ

ದೊಡ್ಡದನ್ನು ದೊಡ್ಡದೆಂದು ನಂಬಿಸುವುದು ಆಟ ಕಟ್ಟುವವರಿಗೆ ಸುಲಭವಲ್ಲ. ಸಿನಿಮಾದಲ್ಲಿ ಕ್ಯಾಮೆರಾವನ್ನು ನೆಲಕ್ಕೆ ಇಳಿಸಿ ಮೃಗವನ್ನು ಕೆಳಗಿನಿಂದ ತೋರಿಸಬಹುದು, ನೋಡುವವನ ಕತ್ತು ತಾನಾಗಿ ಮೇಲೇಳುತ್ತದೆ. ಬೆಲ್ಟ್ ಸ್ಕ್ರೋಲ್ ಆಟದಲ್ಲಿ ಅದಕ್ಕೆ ಆಸ್ಪದವಿಲ್ಲ. ಒಳಕ್ಕೂ ಹೊರಕ್ಕೂ ಸರಿಯುವ ನೆಲ ಕಾಣಬೇಕಾದರೆ ನೋಟ ಮೇಲಿನಿಂದಲೇ ಇಳಿಯಬೇಕು. ಮೇಲಿನಿಂದ ನೋಡಿದರೆ ದೈತ್ಯನೂ ಬೊಂಬೆಯಂತೆಯೇ ಕಾಣುತ್ತಾನೆ.

ಹಾಗಾಗಿ ಆಟದ ಕಲಾವಿದರು ಎತ್ತರವನ್ನು ಕಾಲಡಿಯಲ್ಲಿ ಚಿತ್ರಿಸಿದರು. ಹೆಬ್ಬೆರಳಿನಷ್ಟು ಕಾರು, ಬೆಂಕಿಪೊಟ್ಟಣದಷ್ಟು ಟ್ಯಾಂಕು, ಸೊಂಟಕ್ಕೆ ತಾಗುವ ಗೋಪುರ, ಮಿಣುಕುವ ಕಿಟಕಿಗಳು. ಎದುರಾಳಿಯೂ ದೈತ್ಯನೇ ಆದ್ದರಿಂದ ಅವನನ್ನು ನೋಡಿ ಯಾರ ಅಳತೆಯೂ ತಿಳಿಯುವುದಿಲ್ಲ. ಅಳತೆಗೋಲು ಇರುವುದು ಈ ಪುಟ್ಟ ವಸ್ತುಗಳಲ್ಲಿ.

ಇನ್ನೊಂದು ತೊಡಕು ವೇಗದ್ದು. ದೈತ್ಯ ನಿಧಾನವಾಗಿ ಚಲಿಸಿದರೆ ಮಾತ್ರ ದೈತ್ಯ. ಆದರೆ ನಾಣ್ಯ ಹಾಕಿದ ಆಟಗಾರನಿಗೆ ಗುಂಡಿ ಒತ್ತಿದ ಕೂಡಲೇ ಕೈ ಏಳಬೇಕು. ‘ಕಿಂಗ್ ಆಫ್ ದಿ ಮಾನ್‌ಸ್ಟರ್ಸ್ 2’ ಎರಡರ ನಡುವೆ ರಾಜಿ ಮಾಡಿಕೊಂಡಿದೆ. ಗುದ್ದು ಚುರುಕು, ಬೀಳುವುದು ಮತ್ತು ಏಳುವುದು ಭಾರ. ‘ಫೈನಲ್ ಫೈಟ್’ನ ಚುರುಕಿಗೆ ಒಗ್ಗಿಕೊಂಡವರಿಗೆ ಇದು ಜಡವೆನಿಸಬಹುದು. ಆ ಭಾರ ಕಳೆದುಕೊಂಡಿದ್ದರೆ ಮೃಗಗಳ ವೇಷ ತೊಟ್ಟ ಸಾಮಾನ್ಯ ಬೀದಿಜಗಳವಷ್ಟೇ ಉಳಿಯುತ್ತಿತ್ತು.

ಬ್ಯಾನ್‌ಪ್ರೆಸ್ಟೊ ಮತ್ತು ಅಲ್ಟ್ರಾ ಬಳಗ

ಎಸ್‌ಎನ್‌ಕೆ ತನ್ನದೇ ವೀರರನ್ನು ಸೃಷ್ಟಿಸಿಕೊಂಡರೆ, ಬಂದಾಯ್ ಬಳಗದ ಬ್ಯಾನ್‌ಪ್ರೆಸ್ಟೊ ಸಂಸ್ಥೆಗೆ ನಿಜವಾದ ಅಲ್ಟ್ರಾಮನ್ನೇ ಸಿಕ್ಕಿದ್ದ. 1991ರಲ್ಲಿ ‘ಅಲ್ಟ್ರಾಮನ್’ ಎಂಬ ಒಬ್ಬರಿಗೊಬ್ಬರ ಕಾದಾಟದ ಆಟ ಬಂತು. ಅದೇ ವರ್ಷ ಬಂದಾಯ್ ಸಂಸ್ಥೆ ಮನೆಯಲ್ಲಿ ಆಡುವ ಯಂತ್ರವಾದ ಸೂಪರ್ ಫ್ಯಾಮಿಕಾಮ್‌ಗೆ ತಂದ ‘ಅಲ್ಟ್ರಾಮನ್’ ಆಟದ ನಿಯಮವೊಂದು ಗಮನಾರ್ಹ. ಮೃಗದ ಶಕ್ತಿಪಟ್ಟಿ ಖಾಲಿಯಾದರಷ್ಟೇ ಅದು ಸಾಯುವುದಿಲ್ಲ. ಆ ಹೊತ್ತಿಗೆ ಅಲ್ಟ್ರಾಮನ್ ತನ್ನ ಕೊನೆಯ ಅಸ್ತ್ರವಾದ ಸ್ಪೇಸಿಯಂ ಕಿರಣವನ್ನು ಪೂರ್ತಿ ತುಂಬಿಸಿಕೊಂಡಿರಬೇಕು, ತಡವಾಗದಂತೆ ಹಾರಿಸಬೇಕು. ಇಲ್ಲವಾದರೆ ಮೃಗ ಚೇತರಿಸಿಕೊಳ್ಳುತ್ತದೆ. ಟಿವಿ ಕಂತುಗಳು ಮುಗಿಯುವ ರೀತಿಯನ್ನೇ ಆಟದ ಶರತ್ತು ಮಾಡಿದ ಜಾಣ್ಮೆ ಇದು.

1992ರಲ್ಲಿ ಬ್ಯಾನ್‌ಪ್ರೆಸ್ಟೊ ‘ಅಲ್ಟ್ರಾಮನ್ ಕ್ಲಬ್’ ಸರಣಿಯ ಆರ್ಕೇಡ್ ಆಟವನ್ನು ತಂದಿತು. ಅದರಲ್ಲಿ ಅಲ್ಟ್ರಾಮನ್ ಮತ್ತು ಅವನ ಬಳಗದ ಅಲ್ಟ್ರಾ ಸಹೋದರರು ದೊಡ್ಡ ತಲೆಯ, ಪುಟ್ಟ ಮೈಯ ಮುದ್ದು ರೂಪದಲ್ಲಿದ್ದಾರೆ. ಮರುವರ್ಷದ ‘ಅಲ್ಟ್ರಾ ತೋಕೊನ್ ಡೆನ್ಸೆತ್ಸು’, ಅಂದರೆ ಅಲ್ಟ್ರಾ ಕೆಚ್ಚಿನ ದಂತಕಥೆ, ಅಲ್ಟ್ರಾ ವೀರರು ಮೃಗಗಳನ್ನು ಬಡಿಯುವ ಹೊಡೆದಾಟದ ಆಟ. ಅದೇ 1993ರಲ್ಲಿ ಬ್ಯಾನ್‌ಪ್ರೆಸ್ಟೊದ ‘ಗಾಡ್ಜಿಲ್ಲಾ’ ಆರ್ಕೇಡ್ ಕಾದಾಟವೂ ಹೊರಬಂತು. ಜಪಾನಿನ ಆಟಗಾರರನ್ನೇ ಗುರಿಯಾಗಿಟ್ಟುಕೊಂಡ ಈ ಆಟಗಳು ಹೊರದೇಶಗಳಲ್ಲಿ ಹೆಚ್ಚು ಪರಿಚಿತವಾಗಲಿಲ್ಲ.

ಇಳಿಕೆ ಮತ್ತು ಮುಂದಿನ ದಾರಿ

1991ರಲ್ಲಿ ಬಂದ ‘ಸ್ಟ್ರೀಟ್ ಫೈಟರ್ 2’ ಪಾರ್ಲರುಗಳ ಗಾಳಿಯನ್ನೇ ಬದಲಿಸಿತು. ಗೆಳೆಯನೊಡನೆ ಸೇರಿ ಯಂತ್ರವನ್ನು ಸೋಲಿಸುವುದಕ್ಕಿಂತ ಗೆಳೆಯನನ್ನೇ ಸೋಲಿಸುವ ಹುರುಪು ಹೆಚ್ಚಾಯಿತು. ನಾಣ್ಯಗಳೂ ಅತ್ತಲೇ ಹರಿದವು. ಎಸ್‌ಎನ್‌ಕೆ ಕೂಡ ‘ಫೇಟಲ್ ಫ್ಯೂರಿ’, ‘ಸಮುರಾಯ್ ಶೋಡೌನ್’, 1994ರ ‘ದಿ ಕಿಂಗ್ ಆಫ್ ಫೈಟರ್ಸ್’ ಕಡೆಗೆ ತನ್ನ ಶಕ್ತಿಯನ್ನೆಲ್ಲ ತಿರುಗಿಸಿತು. ದೈತ್ಯಮೃಗಗಳ ಸರಣಿಗೆ ಮೂರನೆಯ ಆಟ ಬರಲಿಲ್ಲ. ಟಕಾರಾ ಸಂಸ್ಥೆಯ ಮೂಲಕ ಎರಡೂ ಆಟಗಳು ಸೂಪರ್ ನಿಂಟೆಂಡೊ ಮತ್ತು ಸೆಗಾ ಜೆನೆಸಿಸ್ ಯಂತ್ರಗಳಿಗೆ ಬಂದವು. ಮೊದಲ ಆಟದ ಆರು ಮೃಗಗಳಲ್ಲಿ ನಾಲ್ಕು ಮಾತ್ರ ಆ ಸಣ್ಣ ಕಾರ್ಟ್ರಿಜ್‌ಗಳಲ್ಲಿ ಉಳಿದವು.

ದೈತ್ಯರ ಕಾದಾಟ ಆ ಬಳಿಕ ಮನೆಯ ಯಂತ್ರಗಳಲ್ಲಿ, ಮೂರು ಆಯಾಮದ ನಗರಗಳಲ್ಲಿ ಮುಂದುವರಿಯಿತು. 2002ರ ‘ಗಾಡ್ಜಿಲ್ಲಾ: ಡಿಸ್ಟ್ರಾಯ್ ಆಲ್ ಮಾನ್‌ಸ್ಟರ್ಸ್ ಮೆಲೇ’, 2003ರ ‘ವಾರ್ ಆಫ್ ದಿ ಮಾನ್‌ಸ್ಟರ್ಸ್’ ಆ ಸಾಲಿನವು. 2022ರಲ್ಲಿ ಮಲೇಷ್ಯಾದ ಪ್ಯಾಶನ್ ರಿಪಬ್ಲಿಕ್ ಸಂಸ್ಥೆಯ ‘ಗಿಗಾಬ್ಯಾಶ್’ ಬಂತು. ಅದಕ್ಕೆ ಮುಂದೆ ಗಾಡ್ಜಿಲ್ಲಾ ಮತ್ತು ಅಲ್ಟ್ರಾಮನ್ ಇಬ್ಬರೂ ಅತಿಥಿಗಳಾಗಿ ಸೇರಿದರು. ಅದೇ ವರ್ಷದ ಮಾರ್ಚ್‌ನಲ್ಲಿ ಕೆನಡಾದ ಟೊರಾಂಟೊದಲ್ಲಿರುವ 13ಎಎಂ ಗೇಮ್ಸ್ ಹೊರತಂದ ‘ಡಾನ್ ಆಫ್ ದಿ ಮಾನ್‌ಸ್ಟರ್ಸ್’ ನೇರವಾಗಿ ಹಳೆಯ ಹಾದಿಯನ್ನೇ ಹಿಡಿಯಿತು. ಕಾಮಿಕ್ಸ್ ಪುಸ್ತಕದ ದಪ್ಪ ಶಾಯಿಗೆರೆಗಳು, ಉದ್ದಕ್ಕೆ ಸಾಗುವ ನಗರ, ಇಬ್ಬರು ಸೇರಿ ಆಡುವ ಅವಕಾಶ. ಅದರ ನಾಲ್ವರು ವೀರರಲ್ಲಿ ಇಬ್ಬರು ಮೃಗಗಳು, ಒಂದು ರೋಬಾಟ್, ಇನ್ನೊಬ್ಬ ಅಲ್ಟ್ರಾಮನ್‌ನ ಜಾಡಿನ ಏಜಿಸ್ ಪ್ರೈಮ್. ಎಸ್‌ಎನ್‌ಕೆ 1992ರಲ್ಲಿ ಅರ್ಧಕ್ಕೆ ಬಿಟ್ಟ ಕೆಲಸ ಮೂವತ್ತು ವರ್ಷಗಳ ನಂತರ ಬೇರೆ ಖಂಡದಲ್ಲಿ ಮುಂದುವರಿದಂತಾಯಿತು.

‘ಕಿಂಗ್ ಆಫ್ ದಿ ಮಾನ್‌ಸ್ಟರ್ಸ್ 2’ ಇಂದಿಗೂ ಆಡಲು ಸಿಗುತ್ತದೆ. ಜಪಾನಿನ ಹ್ಯಾಮ್‌ಸ್ಟರ್ ಸಂಸ್ಥೆ ತನ್ನ ನಿಯೋ ಜಿಯೋ ಮರುಪ್ರಕಟಣೆಯ ಸರಣಿಯಲ್ಲಿ ಅದನ್ನು ಈಗಿನ ಯಂತ್ರಗಳಿಗೆ ತಂದಿದೆ. ಮೊದಲ ಸಲ ಆಡುವವರು ಜೊತೆಗೆ ಒಬ್ಬರನ್ನು ಕೂರಿಸಿಕೊಳ್ಳಲಿ, ಆಟವನ್ನು ಕಟ್ಟಿರುವುದೇ ಇಬ್ಬರಿಗಾಗಿ. ಹೊಡೆದಾಟದ ನಡುವೆ ಒಮ್ಮೆ ಪರದೆಯ ಕೆಳಭಾಗವನ್ನೂ ನೋಡಲಿ. ಅಲ್ಲಿ ಮಿಣುಕುವ ಕಿಟಕಿಗಳು, ಹೆಬ್ಬೆರಳಿನಷ್ಟು ಕಾರುಗಳು ಇವೆ; ಒಂದೊಂದನ್ನೂ ಕಲಾವಿದರು ಚುಕ್ಕಿ ಚುಕ್ಕಿಯಾಗಿ ಬಿಡಿಸಿದ್ದಾರೆ.